ಕರ್ತೃವಿಲ್ಲದ ಲೇಖನ, ಸಹಿಯುಳ್ಳ ಮಾತು

ಆಟವನ್ನಾಡುವವರೇ ಕೂಡಿ ಬರೆದು, ಕೂಡಿ ತಿದ್ದಿ, ವರ್ಷಗಟ್ಟಲೆ ಬೆಳೆಸಿಕೊಂಡು ಬಂದಿರುವ ಜ್ಞಾನಕೋಶಗಳನ್ನು, ಇಂದಿನವರು ಆಟದ ವಿಕಿಗಳೆಂದು ಕರೆಯುವ ಆ ವಿಪುಲ ಗ್ರಂಥರಾಶಿಯನ್ನು, ಹಿರಿಯರು ಬಹುಮಟ್ಟಿಗೆ ಹುಡುಗರ ಕಾಲಹರಣದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗಿಬಿಡುವುದುಂಟು. ಆದರೆ ಅಲ್ಲಿನ ಯಾವುದಾದರೊಂದು ಲೇಖನದ ನೆತ್ತಿಯ ಮೇಲಿರುವ ‘ಚರ್ಚೆ’ ಎಂಬ ಪದವನ್ನೊತ್ತಿ, ಅದರ ಹಿಂಬದಿಯ ಪುಟವನ್ನು ಒಮ್ಮೆ ಸಾವಧಾನವಾಗಿ ಓದಿದವರಿಗೆ, ಪರಸ್ಪರ ಮುಖಪರಿಚಯವಿಲ್ಲದ, ಒಂದೇ ದೇಶದವರಲ್ಲದ, ಅನೇಕ ವೇಳೆ ಒಂದೇ ವಯಸ್ಸಿನವರೂ ಅಲ್ಲದ ಜನರು ಭಿನ್ನಾಭಿಪ್ರಾಯದ ನಡುವೆಯೇ ಒಂದು ಕೃತಿಯನ್ನು ಕೆಡಿಸದೆ ಕಟ್ಟಿ ನಿಲ್ಲಿಸಿದ ಬಗೆ ಕಣ್ಣಿಗೆ ಬೀಳುತ್ತದೆ. ಆ ಬಗೆಗೂ ಒಂದು ಚರಿತ್ರೆಯುಂಟು. ಅದರ ವಯಸ್ಸು ಸುಮಾರು ಮೂರು ದಶಕ ಮಾತ್ರ. ಆದರೂ ಅದರ ಒಂದೊಂದು ನಿಯಮವೂ ಒಂದೊಂದು ನಿಜವಾದ ತೊಡಕಿನಿಂದ ಹುಟ್ಟಿದ್ದಾದುದರಿಂದ, ಅದನ್ನು ಬಿಡಿಸಿ ಹೇಳುವುದು ಸಾರ್ಥಕವಾದ ಕೆಲಸವೆಂದು ನನ್ನ ಭಾವನೆ.

ಗಣಕಗಳ ಮೂಲಕ ಮಾತನಾಡುವವರ ಶಿಷ್ಟಾಚಾರವು ವಿಕಿಗಿಂತ ಹಿರಿಯದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬಿಬ್ಬರು 1979ರಲ್ಲಿ ಕಲ್ಪಿಸಿದ ಯೂಸ್‌ನೆಟ್ ಎಂಬ ಸಂದೇಶವ್ಯವಸ್ಥೆಯಲ್ಲಿ ಅದು ಮೊಳೆತು ಬೆಳೆಯಿತು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಎಲ್ಲವನ್ನೂ ಬರೆದರೆ ಕೂಗಿದಂತಾಗುತ್ತದೆ, ಸಹಿ ನಾಲ್ಕು ಸಾಲನ್ನು ಮೀರಬಾರದು, ಇನ್ನೊಬ್ಬರ ಮಾತಿಗೆ ಉತ್ತರ ಕೊಡುವಾಗ ಬೇಕಾದಷ್ಟನ್ನು ಮಾತ್ರ ಉದ್ಧರಿಸಿಕೊಳ್ಳಬೇಕು ಎಂಬಿವೇ ಮುಂತಾದ ಮರ್ಯಾದೆಗಳು ಅಲ್ಲಿ ರೂಢಿಗೆ ಬಂದುವು. ಇಂಟೆಲ್ ಸಂಸ್ಥೆಯಲ್ಲಿದ್ದ ಸ್ಯಾಲಿ ಹ್ಯಾಂಬ್ರಿಜ್ ಎಂಬಾಕೆ 1995ರ ಅಕ್ಟೋಬರಿನಲ್ಲಿ ಅವನ್ನು ಆರ್‌ಎಫ್‌ಸಿ 1855 ಎಂಬ ಸಂಖ್ಯೆಯ ಕಡತದಲ್ಲಿ ಕ್ರಮಬದ್ಧವಾಗಿ ಬರೆದಿಟ್ಟರು. ಇವೆಲ್ಲವೂ ಒಳ್ಳೆಯ ನಿಯಮಗಳೇ. ಆದರೆ ಯೂಸ್‌ನೆಟ್ಟಿನ ಸಂದೇಶವು ಅಂಚೆಗೆ ಹಾಕಿದ ಲಕೋಟೆಯಿದ್ದಂತೆ: ಓದುವವನು ಅದಕ್ಕೆ ಉತ್ತರ ಬರೆಯಬಹುದಿತ್ತು, ಅದನ್ನು ಹಳಿಯಬಹುದಿತ್ತು, ಅದರೊಳಗಿನ ಅಕ್ಷರವನ್ನು ಮಾತ್ರ ತಿದ್ದುವಂತಿರಲಿಲ್ಲ.

ತಿದ್ದುವ ಅಧಿಕಾರ ಎಲ್ಲರಿಗೂ ದೊರೆತದ್ದು ಅದೇ ವರ್ಷದ ಮಾರ್ಚ್ 25ರಂದು. ಪೋರ್ಟ್‌ಲೆಂಡ್ ನಗರದ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ತಂತ್ರಜ್ಞನು, ತಂತ್ರಾಂಶ ರಚಿಸುವವರು ತಮ್ಮ ಅನುಭವಗಳನ್ನು ಒಂದೆಡೆ ಕೂಡಿಸಿಕೊಳ್ಳಲೆಂದು, ಬಂದವರೆಲ್ಲರೂ ಬರೆಯಬಹುದಾದ, ಬಂದವರೆಲ್ಲರೂ ಅಳಿಸಬಹುದಾದ ಪುಟಗಳ ಒಂದು ವ್ಯವಸ್ಥೆಯನ್ನು ತೆರೆದಿಟ್ಟು, ಹೊನೊಲುಲು ವಿಮಾನನಿಲ್ದಾಣದಲ್ಲಿ ತಾನು ಕಂಡಿದ್ದ ‘ವಿಕಿ ವಿಕಿ’ ಎಂಬ ಬಸ್ಸಿನ ಹೆಸರನ್ನು ಅದಕ್ಕಿಟ್ಟನು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. ಈ ಔದಾರ್ಯದ ಒಡಲಲ್ಲೇ ಒಂದು ಹೊಸ ಅಪಾಯವೂ ಅಡಗಿತ್ತು. ನಾನು ಆಡಿದ ಮಾತನ್ನು ನೀವು ತಿದ್ದಿ, ನಾನು ಒಪ್ಪದ ಸಂಗತಿಯನ್ನು ನಾನೇ ಹೇಳಿದೆನೆಂದು ತೋರಿಸುವುದಕ್ಕೆ ಯಂತ್ರದ ಕಡೆಯಿಂದ ಯಾವ ಅಡ್ಡಿಯೂ ಇರಲಿಲ್ಲ. ಲಕೋಟೆಗಿದ್ದ ಅರಗಿನ ಮುದ್ರೆ ಇಲ್ಲವಾದ ಮೇಲೆ ಅದರ ಸ್ಥಾನದಲ್ಲಿ ನಿಲ್ಲಬಹುದಾಗಿದ್ದುದು ಮರ್ಯಾದೆಯೊಂದೇ. ಚರ್ಚಾಪುಟದ ಶಿಷ್ಟಾಚಾರವೆಲ್ಲ ಈ ಒಂದು ಬೇರಿನಿಂದ ಕವಲೊಡೆದದ್ದೆಂದರೆ ತಪ್ಪಾಗಲಾರದು.

ಕನಿಂಗ್‌ಹ್ಯಾಮನ ವಿಕಿಯಲ್ಲಿ ಚರ್ಚೆಗೆಂದು ಬೇರೆ ಪುಟವಿರಲಿಲ್ಲ. ಒಂದೇ ಪುಟದ ಮೇಲ್ಭಾಗದಲ್ಲಿ ಎಲ್ಲರೂ ಒಪ್ಪಿದ, ಯಾರ ಹೆಸರನ್ನೂ ಹೊರದ ಪ್ರತಿಪಾದನೆಯಿದ್ದರೆ, ಅದರ ಕೆಳಗೆ ಒಬ್ಬೊಬ್ಬರೂ ತಮ್ಮ ಮಾತನ್ನು ಬರೆದು ಕೊನೆಯಲ್ಲಿ ಎರಡು ಅಡ್ಡಗೆರೆಯೆಳೆದು ಹೆಸರು ಹಾಕಿಕೊಳ್ಳುತ್ತಿದ್ದರು. ಕ್ರಮೇಣ ಮೂರನೆಯವನೊಬ್ಬನು ಬಂದು ಆ ಸಂವಾದವನ್ನು ಕಡೆದು, ಬೆಣ್ಣೆಯನ್ನು ಮೇಲಿನ ಭಾಗಕ್ಕೆ ಸೇರಿಸಿ, ಉಳಿದುದನ್ನು ತೆಗೆದುಹಾಕುತ್ತಿದ್ದನು. ಸ್ನೇಹಿತರ ಸಣ್ಣ ಗೋಷ್ಠಿಗೆ ಈ ಪದ್ಧತಿ ಒಗ್ಗಿತು. 2001ರ ಜನವರಿ 15ರಂದು ವಿಕಿಪೀಡಿಯ ಆರಂಭವಾಗಿ, ಅಪರಿಚಿತರು ಗುಂಪುಗುಂಪಾಗಿ ಬರತೊಡಗಿದ ಮೇಲೆ ಒಗ್ಗಲಿಲ್ಲ; ವಿಶ್ವಕೋಶದ ಲೇಖನದ ನಡುವೆ ವಾದಪ್ರತಿವಾದಗಳು ಹರಿದಾಡುವುದು ಓದುಗನಿಗೆ ಕಿರಿಕಿರಿಯೆನಿಸಿ, ಲೇಖನದ ಹೆಸರಿನ ಮುಂದೆ ಒಂದು ಓರೆಗೆರೆ ಹಾಕಿ ‘ಟಾಕ್’ ಎಂಬ ಉಪಪುಟವನ್ನು ತೆರೆಯುವ ರೂಢಿ ಬಂದಿತು. ಮರುವರ್ಷದ ಜನವರಿ 25ರಂದು, ಜರ್ಮನಿಯ ವಿದ್ಯಾರ್ಥಿ ಮಾಗ್ನುಸ್ ಮನ್ಸ್ಕೆ ರಚಿಸಿದ ಹೊಸ ತಂತ್ರಾಂಶವು ಬಳಕೆಗೆ ಬಂದಾಗ, ಆ ರೂಢಿಯೇ ಕಟ್ಟಡದ ಅಡಿಪಾಯವಾಗಿ, ಪ್ರತಿಯೊಂದು ಪುಟಕ್ಕೂ ಅವಳಿಯಾದ ಚರ್ಚಾಪುಟವೊಂದು ನಿಯತವಾಯಿತು. ಇಂದಿಗೂ, ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಎಂಬ ತಂತ್ರಾಂಶದ ಒಳಲೆಕ್ಕದಲ್ಲಿ ಲೇಖನದ ವರ್ಗಕ್ಕೆ ಸೊನ್ನೆ, ಅದರ ಚರ್ಚೆಗೆ 1. ಸದಸ್ಯನ ಪುಟಕ್ಕೆ 2, ಅವನೊಡನೆ ಮಾತನಾಡುವ ಪುಟಕ್ಕೆ 3. ಹೀಗೆ ಸಮಸಂಖ್ಯೆಗಳೆಲ್ಲ ಕೃತಿಗೂ ಬೆಸಸಂಖ್ಯೆಗಳೆಲ್ಲ ಮಾತಿಗೂ ಮೀಸಲಾಗಿವೆ. ಈ ವಿಭಾಗದಿಂದ ಎರಡು ಬಗೆಯ ಬರೆವಣಿಗೆ ಸ್ಪಷ್ಟವಾಗಿ ಬೇರೆಬೇರೆಯಾದುವು. ಲೇಖನವನ್ನು ಯಾರು ಬೇಕಾದರೂ ತಿದ್ದಬಹುದು, ಅದು ಯಾರ ಸ್ವತ್ತೂ ಅಲ್ಲ; ಚರ್ಚೆಯ ಮಾತು ಆಡಿದವನ ಸ್ವತ್ತು, ಅದರ ಕಾಗುಣಿತದ ತಪ್ಪನ್ನೂ ಇನ್ನೊಬ್ಬನು ಮುಟ್ಟಲಾಗದು.

ಸ್ವತ್ತೆಂದ ಮೇಲೆ ಮುದ್ರೆ ಬೇಕಲ್ಲವೆ? ವಚನಕಾರರ ಅಂಕಿತದಲ್ಲಿ ಬೆಳೆದ ನಮಗೆ ಮಾತಿನ ಕೊನೆಗೆ ಗುರುತು ನಿಲ್ಲಿಸುವ ಪದ್ಧತಿಯನ್ನು ವಿವರಿಸಿ ಹೇಳಬೇಕಾದ್ದಿಲ್ಲ. ವಿಕಿಯಲ್ಲಿ ಆ ಕೆಲಸವನ್ನು ಮಾಡುವುದು ಟಿಲ್ಡೆ ಎಂಬ ಪುಟ್ಟ ಅಲೆಗೆರೆ. ಮಾತು ಮುಗಿದ ಮೇಲೆ ಮೂರು ಅಲೆಗೆರೆಗಳನ್ನು ಹಾಕಿದರೆ ಹೆಸರು ಮಾತ್ರ ಮೂಡುತ್ತದೆ; ನಾಲ್ಕು ಹಾಕಿದರೆ ಹೆಸರಿನೊಡನೆ ಗಂಟೆ, ನಿಮಿಷ, ದಿನ, ತಿಂಗಳು, ವರ್ಷಗಳೂ ಮೂಡುತ್ತವೆ; ಐದು ಹಾಕಿದರೆ ಕಾಲವೊಂದೇ ಉಳಿದು ಹೆಸರು ಮಾಯವಾಗುತ್ತದೆ. ಶಿಷ್ಟಾಚಾರವು ಆರಿಸಿಕೊಂಡದ್ದು ನಾಲ್ಕನ್ನು. ಯಾರು ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯವೆಂಬ ತಿಳಿವಳಿಕೆ ಈ ಆಯ್ಕೆಯಲ್ಲಿದೆ. ಇದರ ಜೊತೆಗೆ ಸಾಲಿನ ಮೊದಲಿಗೆ ಹಾಕುವ ಕೋಲನ್ ಚಿಹ್ನೆಯೂ ಸೇರಿತು: ಮೊದಲ ಮಾತು ಅಂಚಿಗೆ ತಾಗಿಕೊಂಡಿದ್ದರೆ, ಅದಕ್ಕೆ ಉತ್ತರವು ಒಂದು ಕೋಲನ್ನಿನಷ್ಟು ಒಳಸರಿದು, ಉತ್ತರಕ್ಕೆ ಪ್ರತ್ಯುತ್ತರವು ಎರಡರಷ್ಟು ಒಳಸರಿದು ನಿಲ್ಲುತ್ತದೆ, ವಾದ ದೀರ್ಘವಾದಷ್ಟೂ ಸಾಲುಗಳು ಬಲಕ್ಕೆ ಜಾರಿ ಜಾರಿ, ಕೊನೆಗೆ ಒಂದು ಸಾಲಿನಲ್ಲಿ ನಾಲ್ಕು ಪದಗಳೂ ಹಿಡಿಯದಷ್ಟು ಇಕ್ಕಟ್ಟಾದಾಗ, ಯಾರಾದರೊಬ್ಬರು ಮತ್ತೆ ಎಡದ ಅಂಚಿಗೆ ಬಂದು ಮಾತನ್ನು ಮುಂದುವರಿಸುತ್ತಾರೆ. ಹೊಸ ವಿಷಯವನ್ನು ಪುಟದ ತಳದಲ್ಲಿ ಆರಂಭಿಸಬೇಕು. ತಾನೇ ಆಡಿದ ಮಾತು ತಪ್ಪೆಂದು ತೋರಿ, ಅಷ್ಟರಲ್ಲಿ ಯಾರಾದರೂ ಅದಕ್ಕೆ ಉತ್ತರ ಕೊಟ್ಟಿದ್ದ ಪಕ್ಷದಲ್ಲಿ, ಅದನ್ನು ಅಳಿಸದೆ ಮೇಲೆ ಗೆರೆಯೆಳೆದು ಬಿಡಬೇಕು, ಏಕೆಂದರೆ ಪ್ರಶ್ನೆ ಅಳಿದುಹೋದರೆ ಉತ್ತರಿಸಿದವನು ಗಾಳಿಗೆ ಮಾತನಾಡಿದಂತೆ ಕಾಣುತ್ತಾನೆ. ಇದರಲ್ಲಿರುವ ಸೂಕ್ಷ್ಮವಾದ ಸೌಜನ್ಯವನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

2003ರಲ್ಲಿ ಸ್ಥಾಪಿತವಾದ ಕನ್ನಡ ವಿಕಿಪೀಡಿಯದವರು, ಎಲ್ಲರಿಗೂ ಸಂಬಂಧಪಟ್ಟ ಸಾಮಾನ್ಯ ಚರ್ಚೆಯ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟುಕೊಂಡರು. ಇಂಗ್ಲಿಷಿನವರು ತಮ್ಮ ಅದೇ ಪುಟವನ್ನು ಹಳ್ಳಿಯ ನೀರಿನ ಪಂಪೆಂದು ಕರೆದುಕೊಂಡಿದ್ದರು. ನಮ್ಮಲ್ಲಿ ಊರಿನ ನ್ಯಾಯ ಕೂಡುತ್ತಿದ್ದುದು ಮರದ ನೆರಳಿನಲ್ಲಾದುದರಿಂದ, ಹೆಸರು ತಾನಾಗಿಯೇ ಬಂದು ಕೂತಂತಿದೆ.

ಆಟದ ವಿಕಿಗಳ ಕಡೆಗೆ ಬರೋಣ. ವಿಕಿ ಬರುವುದಕ್ಕೆ ಮುಂಚೆ ಆಟದ ಮರ್ಮಗಳನ್ನು ತಿಳಿಸುತ್ತಿದ್ದುವು ಒಬ್ಬನೇ ಬರೆದ ಉದ್ದುದ್ದದ ಮಾರ್ಗದರ್ಶಿಗಳು. 1995ರಲ್ಲಿ ಆರಂಭವಾದ ಗೇಮ್‌ಫ್ಯಾಕ್ಸ್ ಎಂಬ ಭಂಡಾರ ಅಂಥವುಗಳಿಂದಲೇ ತುಂಬಿತ್ತು. ಅವುಗಳ ಕರ್ತೃ ತಪ್ಪನ್ನು ತಿದ್ದಿಕೊಂಡರೆ ತಿದ್ದಿಕೊಂಡನು, ಇಲ್ಲವಾದರೆ ಇಲ್ಲ. ಕೂಡಿ ಬರೆಯುವ ಪದ್ಧತಿ ಬಂದ ಮೇಲೆ ಚಿತ್ರವೇ ಬದಲಾಯಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟವು 2004ರ ನವೆಂಬರ್ 23ರಂದು ಬಿಡುಗಡೆಯಾಗಿ, ಮರುದಿನವೇ ವಾವ್‌ವಿಕಿ ಹುಟ್ಟಿತು. 2005ರಲ್ಲಿ ರೂನ್‌ಸ್ಕೇಪಿನ ವಿಕಿ ಆರಂಭವಾಯಿತು. ಎಲ್ಡರ್ ಸ್ಕ್ರೋಲ್ಸ್ ಆಟಗಳ ವಿಷಯವಾಗಿ 1995ರಿಂದ ನಡೆದುಬಂದಿದ್ದ ಅಭಿಮಾನಿಗಳ ಪುಟಗಳು ಅದೇ ವರ್ಷ ವಿಕಿಯ ರೂಪವನ್ನು ತಾಳಿದುವು. ಇವೆಲ್ಲವೂ ಮೀಡಿಯಾವಿಕಿಯನ್ನೇ ಬಳಸಿದುದರಿಂದ, ಅಲೆಗೆರೆ, ಕೋಲನ್, ಅವಳಿಪುಟಗಳು ತಂತ್ರಾಂಶದೊಡನೆ ಬಳುವಳಿಯಾಗಿ ಬಂದುವು. ಇನ್ನೊಬ್ಬನ ಸದ್ಭಾವವನ್ನು ಮೊದಲು ನಂಬತಕ್ಕದ್ದು, ಬರೆದವನನ್ನು ಬಿಟ್ಟು ಬರೆದುದರ ಮೇಲೆ ಮಾತನಾಡತಕ್ಕದ್ದು, ಹೊಸಬನ ಮೇಲೆ ಎರಗಲಾಗದು ಎಂಬ ವಿಕಿಪೀಡಿಯದ ಸೂತ್ರಗಳೂ ಹಿಂದೆಯೇ ಬಂದುವು. ಆದರೆ ಆಟಗಾರರಿಗೆ ಅವರದೇ ಆದ ತೊಂದರೆಗಳಿದ್ದುವು. ಈ ರಾಕ್ಷಸನನ್ನು ಗೆಲ್ಲುವುದು ಹೇಗೆ, ಈ ಕತ್ತಿಗಿಂತ ಆ ಕೊಡಲಿ ಮೇಲಲ್ಲವೇ ಎಂದು ಕೇಳಿಕೊಂಡು ಬರುವವರು ಅಸಂಖ್ಯರಾಗಿ, ಚರ್ಚಾಪುಟವಿರುವುದು ಲೇಖನವನ್ನು ಉತ್ತಮಗೊಳಿಸುವುದಕ್ಕೇ ಹೊರತು ಆಟದ ಹರಟೆಗಲ್ಲವೆಂದು ಮತ್ತೆ ಮತ್ತೆ ವಿನಯದಿಂದ ಹೇಳಬೇಕಾಯಿತು. ಅದಕ್ಕಿಂತ ಕಠಿನವಾದದ್ದು, ಆಟದ ಸತ್ಯ ಸ್ಥಿರವಲ್ಲವೆಂಬುದು. ಆಟವನ್ನು ರಚಿಸಿದವರು ಒಂದು ಮಂಗಳವಾರ ಹೊಸ ತಿದ್ದುಪಡಿಯನ್ನು ಹೊರಡಿಸಿದರೆ, ಸೋಮವಾರದವರೆಗೆ ನಿಜವಾಗಿದ್ದುದು ಅಂದಿನಿಂದ ಸುಳ್ಳು. ಇಂಥ ಲೋಕದಲ್ಲಿ ತಾರೀಖಿಲ್ಲದ ಸಾಕ್ಷ್ಯಕ್ಕೆ ಯಾವ ಬೆಲೆಯೂ ಇಲ್ಲವಾದುದರಿಂದ, ವಿಶ್ವಕೋಶದವರಿಗೆ ಮರ್ಯಾದೆಯಾಗಿದ್ದ ನಾಲ್ಕನೆಯ ಅಲೆಗೆರೆ ಆಟದ ವಿಕಿಯವರಿಗೆ ಜೀವನಾಡಿಯಾಯಿತು.

ಸದ್ಭಾವದ ಸೂತ್ರವೂ ಇಲ್ಲಿ ಹೊಸ ಆಳವನ್ನು ಪಡೆಯಿತು. ಇಂಥ ಆಟಗಳಲ್ಲಿ ರಾಕ್ಷಸನೊಬ್ಬನನ್ನು ಕೊಂದಾಗ ಒಮ್ಮೊಮ್ಮೆ ಅಪರೂಪದ ವಸ್ತುವೊಂದು ಉದುರುತ್ತದೆ. ಎಷ್ಟು ಸಲಕ್ಕೊಮ್ಮೆ ಉದುರುತ್ತದೆಂಬುದನ್ನು ಆಟದ ಕರ್ತೃಗಳು ಬಹುಕಾಲ ಗುಟ್ಟಾಗಿಯೇ ಇಡುತ್ತಿದ್ದುದರಿಂದ, ಆಡುವವರೇ ಎಣಿಸಿ ತಿಳಿಯಬೇಕಾಗಿತ್ತು. ಒಬ್ಬನು ಚರ್ಚಾಪುಟಕ್ಕೆ ಬಂದು, ನಾನು ನೂರು ಸಲ ಕೊಂದೆ, ಒಂದೂ ಬೀಳಲಿಲ್ಲ, ಲೇಖನದ ಮಾತು ಸುಳ್ಳು ಎಂದು ಬರೆಯುತ್ತಾನೆ. ಮತ್ತೊಬ್ಬನು ಅದರ ಕೆಳಗೆ, ನನಗೆ ನೂರರಲ್ಲಿ ಎರಡು ಬಿದ್ದುವು, ಸುಳ್ಳು ನಿನ್ನದು ಎನ್ನುತ್ತಾನೆ. ನಿಜವಾದ ಪ್ರಮಾಣ 128 ಸಲಕ್ಕೆ ಒಂದು ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ: ನೂರು ಸಲ ಕೊಂದ ನೂರು ಮಂದಿಯಲ್ಲಿ ಸುಮಾರು 46 ಮಂದಿಗೆ ಒಂದೂ ದೊರೆಯುವುದಿಲ್ಲ; ಎರಡು ಅಥವಾ ಅದಕ್ಕಿಂತ ಹೆಚ್ಚು ದೊರೆಯುವವರೂ ಹದಿನೆಂಟು ಮಂದಿಯಷ್ಟಾದರೂ ಇರುತ್ತಾರೆ. ಇಬ್ಬರೂ ಕಂಡದ್ದನ್ನೇ ಹೇಳಿದ್ದಾರೆ, ಇಬ್ಬರೂ ಪ್ರಾಮಾಣಿಕರು. ಎದುರಾಳಿಯನ್ನು ಸುಳ್ಳನೆನ್ನುವುದು ಇಲ್ಲಿ ಅಸಭ್ಯತೆ ಮಾತ್ರವಾಗದೆ ಗಣಿತದ ತಪ್ಪೂ ಆಗುತ್ತದೆ. ಅನುಭವಸ್ಥರು ಇಂಥ ಕಡೆ ನಡುವೆ ಬಂದು ತೀರ್ಪು ಕೊಡದೆ, ನಿಮ್ಮ ನಿಮ್ಮ ಎಣಿಕೆಗಳನ್ನು ತಾರೀಖು ಮತ್ತು ಆಟದ ಆವೃತ್ತಿಯೊಡನೆ ಬರೆದಿಡಿ ಎಂದು ಕೇಳುತ್ತಾರೆ. ಕೆಳಗೆ ಮೂರನೆಯವನು ಐನೂರು ಸಲದ ಲೆಕ್ಕವನ್ನೂ ನಾಲ್ಕನೆಯವನು ಸಾವಿರ ಸಲದ ಲೆಕ್ಕವನ್ನೂ ಸಹಿಯೊಡನೆ ತಂದು ಸೇರಿಸುತ್ತಾರೆ. ಜಗಳವಾಗಿ ಹುಟ್ಟಿದ ಪುಟ ಪ್ರಯೋಗಶಾಲೆಯ ದಿನಚರಿಯಾಗಿ ಬೆಳೆಯುತ್ತದೆ. ನಮ್ಮ ನೈಯಾಯಿಕರು ತತ್ತ್ವವನ್ನು ತಿಳಿಯಲು ನಡೆಯುವ ಮಾತಿಗೆ ವಾದವೆಂದೂ, ಗೆಲ್ಲಲು ನಡೆಯುವುದಕ್ಕೆ ಜಲ್ಪವೆಂದೂ ಹೆಸರಿಟ್ಟು ಭೇದ ಮಾಡಿದರಷ್ಟೆ. ಜಲ್ಪವು ಕಣ್ಣೆದುರಿನಲ್ಲೇ ವಾದವಾಗಿ ಮಾರ್ಪಡುವುದನ್ನು ನೋಡಬೇಕಾದರೆ ಇಂಥ ಪುಟಗಳಲ್ಲಿ ನೋಡಬೇಕು.

ಈ ದಿನಚರಿಗಳಲ್ಲಿ ಕೆಲವು ಈಗ ಎರಡೆರಡು ಮನೆ ಕಂಡಿವೆ. ವಾವ್‌ವಿಕಿಗೆ ಆಶ್ರಯ ಕೊಟ್ಟಿದ್ದ ವಿಕಿಯಾ ಸಂಸ್ಥೆಯು ಪುಟಗಳ ವಿನ್ಯಾಸವನ್ನು ಬದಲಿಸಿದಾಗ, ಅದನ್ನೊಪ್ಪದ ಸಂಪಾದಕರು 2010ರ ಅಕ್ಟೋಬರಿನಲ್ಲಿ ವಾವ್‌ಪೀಡಿಯ ಎಂಬ ಹೊಸ ಸ್ಥಾನಕ್ಕೆ ತೆರಳಿದರು. 2018ರ ಅಕ್ಟೋಬರಿನಲ್ಲಿ ರೂನ್‌ಸ್ಕೇಪಿನವರೂ, 2023ರ ಸೆಪ್ಟೆಂಬರಿನಲ್ಲಿ ಮೈನ್‌ಕ್ರಾಫ್ಟಿನವರೂ ಹಾಗೆಯೇ ಹೊರಟರು. ಬರೆವಣಿಗೆಯನ್ನು ಮುಕ್ತ ಪರವಾನಗಿಯ ಮೇಲೆ ಪ್ರಕಟಿಸಿದ್ದುದರಿಂದ ಅದರ ಪ್ರತಿಯನ್ನು ಒಯ್ಯುವುದಕ್ಕೆ ತಡೆಯಿರಲಿಲ್ಲ. ಆದರೆ ಬರೆದವರ ಹೆಸರನ್ನು ಕೈಬಿಡುವಂತಿಲ್ಲವೆಂಬುದು ಆ ಪರವಾನಗಿಯ ಕಟ್ಟಳೆ. ಒಂದೊಂದು ತಿದ್ದುಪಡಿಯನ್ನೂ ಯಾರು ಯಾವಾಗ ಮಾಡಿದರೆಂಬ ದಾಖಲೆ ಮೊದಲಿನಿಂದಲೂ ಇದ್ದುದು ಆಗ ನೆರವಿಗೆ ಬಂದಿತು.

ಇತ್ತೀಚೆಗೆ ಆಟದ ವಿಕಿಗಳ ಸಂಪಾದಕರು ಚರ್ಚೆಯನ್ನು ಬಹುಮಟ್ಟಿಗೆ ಡಿಸ್ಕಾರ್ಡಿನಂಥ ಹರಟೆಯ ಕೊಠಡಿಗಳಿಗೆ ಒಯ್ದಿದ್ದಾರೆ. ಅಲ್ಲಿ ಉತ್ತರ ಕ್ಷಣದಲ್ಲಿ ದೊರೆಯುತ್ತದೆ, ಅಲೆಗೆರೆ ಕೋಲನ್‌ಗಳ ಗೊಡವೆಯಿಲ್ಲ. ಅದರ ಆಕರ್ಷಣೆ ಸಹಜವಾದದ್ದು. ಆದರೂ ಲೇಖನದ ಬೆನ್ನಿಗೆ ಅದರ ಕಾರಣಗಳು ಅಂಟಿಕೊಂಡಿರುತ್ತಿದ್ದ ಹಳೆಯ ಪದ್ಧತಿ ಸಡಿಲವಾಗುತ್ತಿರುವುದು ನನ್ನನ್ನು ನೋಯಿಸುತ್ತದೆ. ಒಂದು ಸಂಖ್ಯೆಯನ್ನು ಏಕೆ ಹಾಗೆ ಬರೆದರೆಂದು ಐದು ವರ್ಷಗಳ ಮೇಲೆ ಕೇಳುವ ಹೊಸಬನಿಗೆ, ಆ ಕೊಠಡಿಯ ಲಕ್ಷಾಂತರ ಸಾಲುಗಳಲ್ಲಿ ಯಾವುದನ್ನು ತೋರಿಸುವುದು?

ಸಾಗಿಬಂದ ವಿಕಿಗಳ ಹಳೆಯ ಚರ್ಚಾಪುಟಗಳನ್ನು ತೆರೆದರೆ ವಿಚಿತ್ರವಾದೊಂದು ದೃಶ್ಯ ಕಾಣಿಸುತ್ತದೆ. ಸದಸ್ಯನ ಪುಟವಿದ್ದರೆ ಸಹಿಯ ಹೆಸರು ನೀಲಿಯಾಗಿಯೂ, ಇಲ್ಲವಾದರೆ ಕೆಂಪಾಗಿಯೂ ತೋರುವುದು ಮೀಡಿಯಾವಿಕಿಯ ಕ್ರಮ. ಹೊಸ ಸ್ಥಾನಕ್ಕೆ ಮಾತುಗಳು ಬಂದುವು. ಆಡಿದವರಲ್ಲಿ ಎಷ್ಟೋ ಮಂದಿ ಬರಲಿಲ್ಲ. ಆದುದರಿಂದ ಎಂದೋ ರಾತ್ರಿ ಕುಳಿತು ರಾಕ್ಷಸರ ಲೆಕ್ಕವನ್ನು ಬರೆದಿಟ್ಟವರ ಹೆಸರುಗಳು, ಅವರ ಗಂಟೆ ನಿಮಿಷ ತಾರೀಖುಗಳ ಸಹಿತವಾಗಿ, ಒಬ್ಬರ ಕೆಳಗೊಬ್ಬರು ಒಂದೊಂದು ಕೋಲನ್ನಿನಷ್ಟು ಒಳಸರಿದು, ಕೆಂಪಕ್ಷರದಲ್ಲಿ ನಿಂತಿವೆ.