ನರಗುಂದ: ಗುಡ್ಡದ ಕೋಟೆ, ಎರಿ ಹೊಲದ ತಕರಾರು

ನರಗುಂದದ ಚರಿತ್ರೆ ಬರೆಯುವವರ ಕಣ್ಣು ಮೊದಲು ಗುಡ್ಡಕ್ಕೇ ಹೋಗುತ್ತದೆ. ಶಿವಾಜಿ 1674ರಲ್ಲಿ ಕಟ್ಟಿಸಿದನೆನ್ನುವ ಕೋಟೆ, ಮುತ್ತಿಗೆ, ಗಲ್ಲು, ಇಷ್ಟರಲ್ಲೇ ಊರಿನ ಕಥೆ ಮುಗಿದುಹೋಗುತ್ತದೆ. ಲೆಬನಾನಿನ ಪ್ರಾಚೀನ ಬಂದರು ಟೈರ್‌ಗೂ ಇದೇ ಗತಿ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಅದನ್ನು ಏಳು ತಿಂಗಳು ಮುತ್ತಿದ್ದು ನೆನಪಿನಲ್ಲಿದೆ. ಆ ಪಟ್ಟಣಕ್ಕೆ ಸಿರಿ ತಂದ ನೇರಳೆ ಬಣ್ಣದ ವ್ಯಾಪಾರ ಹಿಂದೆ ಸರಿದಿದೆ. ನರಗುಂದದ ಸಿರಿ ಇರುವುದು ಗುಡ್ಡದ ಕೆಳಗಿನ ಎರಿ ಹೊಲದಲ್ಲಿ. ಅದರ ಹುಟ್ಟುವಳಿಯಲ್ಲಿ ಯಾರ ಪಾಲು ಎಷ್ಟು, ಅದನ್ನು ಗೊತ್ತುಮಾಡುವ ಹಕ್ಕು ಯಾರದು ಎಂಬ ತಕರಾರೇ ಈ ಊರಿನ ದೊಡ್ಡ ಘಟನೆಗಳ ಬೇರು ಎಂದು ನನಗನ್ನಿಸುತ್ತದೆ.

ಹೈದರಾಲಿಗೆ ಖಂಡಣಿ ಕೊಟ್ಟು ಸಂಸ್ಥಾನ ಉಳಿಸಿಕೊಂಡಿದ್ದ ವೆಂಕಟರಾವ್ ಭಾವೆಯಿಂದ ಟಿಪ್ಪು ಸುಲ್ತಾನ ವಾಡಿಕೆಗಿಂತ ಹೆಚ್ಚು ಕೇಳಿದ. ಭಾವೆ ಪುಣೆಯ ಪೇಶ್ವೆಗಳ ಮೊರೆಹೊಕ್ಕ. 1785ರಲ್ಲಿ ಕೋಟೆ ಟಿಪ್ಪುವಿನ ವಶವಾಯಿತು, ಸಂಸ್ಥಾನಿಕ ಸೆರೆಯಾದ. ಅಲ್ಲಿಂದ ಹೊತ್ತಿಕೊಂಡ ಮರಾಠಾ–ಮೈಸೂರು ಯುದ್ಧ ನಿಂತದ್ದು 1787ರ ಗಜೇಂದ್ರಗಡದ ಒಪ್ಪಂದದಿಂದ. ಹುಟ್ಟುವಳಿಯ ಪಾಲೇ ತಕರಾರಿನ ಬೇರು ಎಂಬ ಮಾತು 1858ರ ಬಂಡಾಯಕ್ಕೆ ಹೊಂದುವುದಿಲ್ಲ ಎಂದು ಆಕ್ಷೇಪಿಸಬಹುದು. ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರು ಸಿಡಿದೆದ್ದದ್ದು ದತ್ತಕಕ್ಕೆ ಒಪ್ಪಿಗೆ ಸಿಗದೆ, ಶಸ್ತ್ರ ಒಪ್ಪಿಸಬೇಕೆಂಬ ಅವಮಾನ ತಾಳದೆ. ಅಲ್ಲಿ ಕಂದಾಯದ ಮಾತೆಲ್ಲಿ? ಆದರೆ ದತ್ತಕವೆಂದರೆ ಭೂಮಿಯ ಆದಾಯ ಮುಂದೆ ಯಾರಿಗೆ ಸೇರಬೇಕೆಂಬ ನಿರ್ಣಯವೇ. ಇನಾಮು ಕಮಿಷನ್ನು ಇದೇ ಸೀಮೆಯ ಮನೆತನಗಳ ಸನದುಗಳನ್ನು ಕೆದಕುತ್ತಿದ್ದ ಕಾಲವದು. ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಎರಡೇ ವಾರದಲ್ಲಿ, ಜೂನ್ 12ರಂದು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕಾರಣದಲ್ಲಿ ಭೂಮಿಯೂ ಇತ್ತೆಂದರೆ ಆ ಬಲಿದಾನ ಕಿರಿದಾಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಭಾವೆಗಳು ಸ್ವತಃ ರೈತರಿಂದ ವಸೂಲಿ ಮಾಡುತ್ತಿದ್ದವರು, ಅವರ ಜಗಳವನ್ನು 1980ರ ರೈತರ ಹೋರಾಟದ ಜೊತೆ ಕಟ್ಟುವುದು ಸರಿಯೇ? ಈ ವ್ಯತ್ಯಾಸ ನಿಜ, ಅದನ್ನು ಮುಚ್ಚಬಾರದು. ಅರಮನೆಯ ಅಂಗಳದಲ್ಲಿದ್ದ ಪ್ರಶ್ನೆ ಆ ವರ್ಷ ಉಳುವವನ ಬಾಯಿಗೆ ಬಂತು. ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಯ ಕಾಲುವೆ ತೋಡಿದ ಸರ್ಕಾರ, ನೀರು ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಹೇರಿತು. ಹತ್ತಿಯ ಬೆಲೆಯೂ ಕೈಕೊಟ್ಟಿತ್ತು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಯಿತು, ರೈತರು ಸತ್ತರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರ ಬಿತ್ತು. ಕೋಟೆಯ ಮುತ್ತಿಗೆಗಳಿಗಿಂತ ಈ ಒಂದು ದಿನ ರಾಜ್ಯವನ್ನು ಹೆಚ್ಚು ಅಲುಗಾಡಿಸಿತು ಎಂದೇ ನನ್ನ ತೀರ್ಮಾನ.

1858ರ ಕಾಗದಗಳನ್ನು ದಫ್ತರುಗಳು ಕಾಯ್ದಿವೆ. 1980ರ ಕರದ ನೋಟಿಸು, ಕಂದಾಯದ ಪಾವತಿಗಳು ಮನೆಮನೆಯ ಟ್ರಂಕುಗಳಲ್ಲಿವೆ, ಅಂದು ಬೀದಿಗಿಳಿದವರಿಗೆ ವಯಸ್ಸಾಗಿದೆ. ನರಗುಂದ, ರೋಣ ಸೀಮೆಯ ಮೇಷ್ಟರು, ಓದುಗರು ಅವನ್ನೆಲ್ಲ ಈಗಲೇ ಸಂಗ್ರಹಿಸಿ, ಆ ಹಿರಿಯರ ಮಾತನ್ನು ಬರೆದಿಡಬೇಕು.