ಮುದ್ರಿತವಾದ ಹಾಸ್ಯವೂ ಮುದ್ರಿತವಾಗದ ನಗೆಯೂ

ಹಾಸ್ಯರಸವು ನಟನೊಬ್ಬನ ಸ್ವತ್ತಲ್ಲ. ಅದರಲ್ಲಿ ಸಭೆಗೂ ಸಮಭಾಗವುಂಟು. ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಪ್ರಯೋಗದ ಸಿದ್ಧಿಯನ್ನು ನಿರೂಪಿಸುವಾಗ, ಪ್ರೇಕ್ಷಕರ ಮುಗುಳ್ನಗೆ, ಅರೆನಗೆ, ಗಹಗಹಿಸುವ ನಗೆ, ‘ಸಾಧು’, ‘ಅಹೋ’ ಎಂಬ ಉದ್ಗಾರ ಇವುಗಳನ್ನು ಮಾನುಷೀ ಸಿದ್ಧಿಯ ಲಕ್ಷಣಗಳೆಂದೇ ಎಣಿಸಿರುವನು. ನಗಿಸುವವನ ಮಾತು ಎಷ್ಟೇ ಚತುರವಾಗಿರಲಿ, ನಗುವವರಿಲ್ಲದೆ ಪ್ರಯೋಗವು ಪೂರ್ಣವಾಗದೆಂಬುದೇ ಇದರ ತಾತ್ಪರ್ಯ. ಕನ್ನಡ ರಂಗಭೂಮಿಯ ಹಾಸ್ಯವು ಮೊದಮೊದಲು ಯಂತ್ರದಲ್ಲಿ ಮುದ್ರಿತವಾದ ವೃತ್ತಾಂತವನ್ನು ಈ ಸೂತ್ರದಿಂದ ಅಳೆದು ನೋಡುವುದು ಯುಕ್ತವಾಗಿದೆ.

1884ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯಲ್ಲಿ ಬಾಲ್ಯದಿಂದಲೇ ಬೆಳೆದ ನಾಟಕರತ್ನ ಗುಬ್ಬಿ ವೀರಣ್ಣನವರು ಮುಂದೆ ಅದರ ಒಡೆಯರಾದರು. ಅವರು ಆನೆ ಕುದುರೆಗಳನ್ನು ರಂಗಕ್ಕೆ ತಂದು ‘ಕುರುಕ್ಷೇತ್ರ’ವನ್ನಾಡಿಸಿದ ವೈಭವವು ಸರ್ವವಿದಿತ. ಆದರೆ ಜನರ ನಾಲಗೆಯ ಮೇಲೆ ನಿಂತುದು ‘ಸದಾರಮೆ’ಯ ಕಳ್ಳನ ಪಾತ್ರ. ಸದಾರಮೆಯನ್ನು ವಂಚಿಸಹೊರಟು, ಕೊನೆಗೆ ಆಕೆಯ ಬುದ್ಧಿಗೆ ತಾನೇ ಸೋಲುವ ಆ ಕಳ್ಳನು ನಮ್ಮ ವಿದೂಷಕಪರಂಪರೆಯ ಕುಡಿಯೇ ಸರಿ.

ಅಂದಿನ ಯಂತ್ರಗಳಿಗೆ ಇಂತಹ ಹಾಸ್ಯವನ್ನು ಹಿಡಿಯುವ ಶಕ್ತಿಯು ಅತ್ಯಲ್ಪವಾಗಿದ್ದಿತು. 1902ರಲ್ಲಿ ಗ್ರಾಮಾಫೋನು ಕಂಪನಿಯವರು ಕಲ್ಕತ್ತೆಗೆ ಬಂದು ಮುದ್ರಣಕಾರ್ಯವನ್ನಾರಂಭಿಸಿದರು. ಮುಂದೆ ಬಹುಕಾಲ ಬಳಕೆಯಲ್ಲಿದ್ದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು 3 ನಿಮಿಷಗಳ ಧ್ವನಿ ಮಾತ್ರ. ರಂಗಗೀತೆಗೆ ಇಷ್ಟು ಸಾಕು. ಇರುಳೆಲ್ಲ ನಡೆಯುವ ನಾಟಕದಲ್ಲಿ ಸಭೆಯ ಮುಖವನ್ನು ನೋಡಿ ಹಿಗ್ಗುವ ವಿನೋದಕ್ಕೆ ಇದು ಸಾಲದು.

1934ರಲ್ಲಿ ‘ಸತಿ ಸುಲೋಚನ’ದೊಡನೆ ಕನ್ನಡದ ವಾಕ್ಚಿತ್ರವು ಹುಟ್ಟಿತು. ಮರುವರ್ಷವೇ, 1935ರಲ್ಲಿ, ರಾಜಾ ಚಂದ್ರಶೇಖರ್ ಅವರ ನಿರ್ದೇಶನದಲ್ಲಿ ‘ಸದಾರಮೆ’ಯು ತೆರೆಗೆ ಬಂದಿತು, ವೀರಣ್ಣನವರೂ ಅದರಲ್ಲಿ ಅಭಿನಯಿಸಿದರು. ಹಳ್ಳಿಹಳ್ಳಿಯ ಡೇರೆಯಲ್ಲಿ ಕೇಳಿದ್ದ ಕಂಠವು ಹೀಗೆ ಯಂತ್ರಸ್ಥವಾದುದು ಸಾಮಾನ್ಯ ಲಾಭವೇನಲ್ಲ. ಆದರೆ ಚಿತ್ರಶಾಲೆಯಲ್ಲಿ ನಿಶ್ಶಬ್ದವೇ ನಿಯಮ. ರಂಗದ ಮೇಲೆ ನಟನು ಒಂದು ಮಾತನ್ನಾಡಿ, ನಗೆಯು ಏರಿ ಇಳಿಯುವವರೆಗೂ ತಡೆದು, ಆ ತಡೆಯಲ್ಲಿಯೇ ಮುಂದಿನ ಮಾತನ್ನು ಹದಗೊಳಿಸುವನು. ಒಂದೂರಿನಲ್ಲಿ ಫಲಿಸಿದುದನ್ನು ಇನ್ನೊಂದೂರಿನಲ್ಲಿ ತಿದ್ದುವನು. ಯಂತ್ರದ ಮುಂದೆ ಈ ಕೊಡುಕೊಳ್ಳುವಿಕೆಗೆ ಎಡೆಯೆಲ್ಲಿಯದು? ನಟನ ಮಾತು ಉಳಿಯಿತು. ಸಭೆಯ ನಗೆಯು ಗಾಳಿಗೆ ಹೋಯಿತು. ಭರತನ ಲೆಕ್ಕದಲ್ಲಿ ಅರ್ಧ ಸಿದ್ಧಿಯೇ ಹಾರಿಹೋದಂತಾಯಿತು.

ಮಾಸ್ಟರ್ ಹಿರಣ್ಣಯ್ಯನವರ (1934–2019) ‘ಲಂಚಾವತಾರ’ವು ಈ ಮಾತಿಗೆ ಮತ್ತೊಂದು ನಿದರ್ಶನ. ಸಹಸ್ರಾರು ಪ್ರಯೋಗಗಳನ್ನು ಕಂಡ ಆ ನಾಟಕದಲ್ಲಿ, ಅಂದಂದಿನ ರಾಜಕೀಯ ವಾರ್ತೆಯು ಅಂದಂದೇ ಮಾತಾಗುತ್ತಿದ್ದಿತು. ಆದುದರಿಂದ ಅದರ ಯಾವ ಮುದ್ರಿಕೆಯೂ ಒಂದು ರಾತ್ರಿಯ ‘ಲಂಚಾವತಾರ’ವೇ ಹೊರತು ಸಮಸ್ತ ‘ಲಂಚಾವತಾರ’ವಾಗಲಾರದು.

ಇದೇ ಹಾದಿಯ ಮುಂದಿನ ಮಜಲು ಈ ಸೀಮೆಯಲ್ಲಿಯೇ ಉಂಟು. ಮುನಿರಾಬಾದಿನ ಅಣೆಕಟ್ಟೆಯಿಂದ ಎಡದಂಡೆಯ ಕಾಲುವೆಯು ನೀರುಣಿಸುವ ಗಂಗಾವತಿಯಿಂದ ಬಂದವರು ಬಿ. ಪ್ರಾಣೇಶರು. ಬೀಚಿಯವರ (1913–1980) ವಿನೋದಸಾಹಿತ್ಯದಿಂದ ಸ್ಫೂರ್ತಿಗೊಂಡು ‘ಗಂಗಾವತಿ ಬೀಚಿ’ಯೆಂದೇ ಹೆಸರಾದವರು. ವೇಷವಿಲ್ಲ, ಪರದೆಯಿಲ್ಲ, ಜೊತೆಯ ಪಾತ್ರವಿಲ್ಲ. ಒಬ್ಬರೇ ನಿಂತು ನಗಿಸುವರು. ಇವರ ಮುದ್ರಿಕೆಗಳಲ್ಲಿ ಮಾತಿನೊಡನೆ ಸಭೆಯ ನಗೆಯೂ ಕೇಳಿಬರುವುದು. ನಗೆಗೆಂದು ಅವರು ತಡೆದ ಕ್ಷಣವೂ ಅಲ್ಲಿ ಉಳಿದಿದೆ. ವೇಷಭೂಷಣಗಳೆಲ್ಲ ಕಳೆದರೂ, 1935ರ ಯಂತ್ರವು ಹೊರಗಿಟ್ಟ ಪ್ರೇಕ್ಷಕನು ಇಲ್ಲಿ ಒಳಗೆ ಬಂದನು.

ಆದಕಾರಣ ಹಳೆಯ ಮುದ್ರಿಕೆಗಳನ್ನು ಸಂಗ್ರಹಿಸುವವರು ನಟನ ಹೆಸರನ್ನಷ್ಟೇ ಬರೆದಿಟ್ಟರೆ ಸಾಲದು. ಊರಾವುದು, ದಿನವಾವುದು, ಎದುರಿಗಿದ್ದವರು ಯಾರು, ಯಾವ ಮಾತಿಗೆ ಏತಕ್ಕೆ ನಕ್ಕರು ಎಂಬುದನ್ನು, ನೆನಪುಳ್ಳ ಹಿರಿಯರು ಇರುವಾಗಲೇ ಕೇಳಿ ಬರೆದಿಡತಕ್ಕದ್ದು. ಶೋಕಗೀತೆಯು ನೂರು ವರ್ಷಗಳ ಮೇಲೂ ತಾನಾಗಿ ಅರ್ಥವಾದೀತು, ವಿನೋದವು ಹಾಗಲ್ಲ. ನಕ್ಕ ಕಾರಣವು ಮರೆತುಹೋದ ದಿನ, ಅತ್ಯುತ್ತಮ ಹಾಸ್ಯವೂ ಬರಿಯ ಸದ್ದಾಗಿ ಉಳಿಯುವುದು.