ಹಿಪ್ಪುನೇರಳೆಯ ಹಾಲೂ ರೇಷ್ಮೆಹುಳುವಿನ ಜೀರ್ಣಶಕ್ತಿಯೂ: ಒಂದು ವಿಚಾರದ ಇತಿಹಾಸ

ಶಿಂಷಾನದಿಯ ದಡದ ವೈದ್ಯನಾಥಪುರದಿಂದ ಮೊದಲುಗೊಂಡು ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಸಂಚರಿಸುವವರಿಗೆ ಕಬ್ಬು ಭತ್ತಗಳ ನಡುವೆ ಹಿಪ್ಪುನೇರಳೆಯ ತೋಟಗಳು ಕಣ್ಣಿಗೆ ಬೀಳದೆ ಇರವು. ಎಳೆಯ ಕುಡಿಯನ್ನು ಚಿವುಟಿದೊಡನೆ ತೊಟ್ಟಿನಿಂದ ಜಿನುಗುವ ಬಿಳಿಯ ಹಾಲು ಸೊಪ್ಪು ಕೊಯ್ಯುವವರ ಬೆರಳಿಗೆ ದಿನದಿನವೂ ಅಂಟುವ ವಸ್ತುವಾದುದರಿಂದಲೋ ಏನೋ, ಅದು ಗಿಡಕ್ಕೆ ಏತಕ್ಕೆ ಬೇಕೆಂಬ ಪ್ರಶ್ನೆ ಬಹುಕಾಲ ಯಾರನ್ನೂ ಅಷ್ಟಾಗಿ ಕಾಡಲಿಲ್ಲ. ಚಾಕಿಯೆಂಬ ಎಳೆಪ್ರಾಯದ ದಿನಗಳಿಂದ ನಾಲ್ಕನೆಯ ಜ್ವರ, ಎಂದರೆ ಪೊರೆ ಬಿಡುವ ಕಾಲ, ಕಳೆದು, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಯನ್ನೇರುವವರೆಗೆ ರೇಷ್ಮೆಹುಳು ಈ ಸೊಪ್ಪನ್ನಲ್ಲದೆ ಮತ್ತೊಂದನ್ನು ಒಲ್ಲದೆಂಬುದನ್ನು ಸಾಕುವವರೆಲ್ಲರೂ ಬಲ್ಲರು. ಆದರೆ ಈ ಸೊಪ್ಪೇ ಬೇರೆ ಹುಳುಗಳಿಗೆ ವಿಷವಾಗಬಲ್ಲುದೆಂಬುದೂ, ಆ ವಿಷವು ಆ ಹಾಲಿನಲ್ಲಿಯೇ ಇರುವುದೆಂಬುದೂ ಪ್ರಯೋಗದಿಂದ ಸ್ಥಿರಪಟ್ಟುದು 2006ರಲ್ಲಿ.

ಸಸ್ಯಗಳು ರಾಸಾಯನಿಕ ದ್ರವ್ಯಗಳಿಂದ ತಮ್ಮನ್ನು ರಕ್ಷಿಸಿಕೊಳ್ಳುತ್ತವೆಂಬ ಮಾತು ಹೊಸದೇನೂ ಅಲ್ಲ. 1888ರಲ್ಲಿ ಜರ್ಮನಿಯ ಎರ್ನ್‌ಸ್ಟ್ ಸ್ಟಾಲ್ ಬಸವನಹುಳುಗಳನ್ನು ಪರೀಕ್ಷಿಸಿ ಇದನ್ನು ಪ್ರತಿಪಾದಿಸಿದ್ದನು. 1910ರಲ್ಲಿ ಹಾಲೆಂಡಿನ ಫೆರ್‌ಷಾಫೆಲ್ಟ್, ಕೋಸಿನ ಚಿಟ್ಟೆಯ ಮರಿಗಳು ಸಾಸಿವೆಯ ಘಾಟಿಗೆ ಕಾರಣವಾದ ದ್ರವ್ಯವನ್ನೇ ಗುರುತುಹಿಡಿದು ಆಹಾರವನ್ನು ಆಯ್ದುಕೊಳ್ಳುತ್ತವೆಂದು ತೋರಿಸಿದನು. ಒಂದಕ್ಕೆ ನಂಜಾದುದು ಮತ್ತೊಂದಕ್ಕೆ ಆಮಂತ್ರಣವಾಗುವ ಈ ವೈಚಿತ್ರ್ಯವನ್ನು 1959ರಲ್ಲಿ ಫ್ರೆಂಕೆಲ್ ಸಿದ್ಧಾಂತದ ಮಟ್ಟಕ್ಕೇರಿಸಿದ ಮೇಲೆ, 1964ರಲ್ಲಿ ಅಮೆರಿಕದ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಚಿಟ್ಟೆಗಳ ಆಹಾರಸಸ್ಯಗಳನ್ನು ಆಧಾರವಾಗಿಟ್ಟುಕೊಂಡು, ಗಿಡವು ಹೊಸ ವಿಷವನ್ನು ಪಡೆದಂತೆ ಕೀಟವು ಹೊಸ ಪರಿಹಾರವನ್ನು ಪಡೆಯುತ್ತ, ಎರಡೂ ಪರಸ್ಪರವನ್ನು ರೂಪಿಸುತ್ತ ವಿಕಾಸಗೊಳ್ಳುತ್ತವೆಂಬ ಸಹವಿಕಾಸವಾದವನ್ನು ಮಂಡಿಸಿದರು. ಮನೋಹರವಾದ ವಾದವಿದು, ಮನೋಹರವಾದುದರಿಂದಲೇ ತುಸು ಎಚ್ಚರಿಕೆಯಿಂದ ಒಪ್ಪತಕ್ಕದ್ದು.

ರೇಷ್ಮೆಹುಳುವನ್ನು ಕುರಿತ ಶೋಧನೆಯಾದರೋ ಈ ಹಾದಿಯಲ್ಲಿ ನಡೆಯಲಿಲ್ಲ. ಟಿಪ್ಪುಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬು, ರೋಗರುಜಿನಗಳ ಏಳುಬೀಳುಗಳನ್ನು ಕಂಡು, ಸಂಸ್ಥಾನದ ಸರ್ಕಾರದ ಪೋಷಣೆಯಲ್ಲಿ ಚೇತರಿಸಿಕೊಂಡು, 1961ರಲ್ಲಿ ಮೈಸೂರಿನಲ್ಲಿ ಕೇಂದ್ರ ಸಂಶೋಧನಾಲಯವನ್ನೂ ಪಡೆಯಿತು. ನೆರೆಯ ಚನ್ನಪಟ್ಟಣದ ಬಳಿಯ ಕಣ್ವ ಕ್ಷೇತ್ರದಲ್ಲಿ ಆಯ್ದ ಕಣ್ವ-2 ತಳಿ ಈ ಭಾಗದ ತೋಟಗಳಿಗೆ ಬಂದಿತು. ಇಲ್ಲೆಲ್ಲ ಗಮನವಿದ್ದುದು ಸೊಪ್ಪಿನ ಇಳುವರಿಯ ಮೇಲೆ, ಗೂಡಿನ ತೂಕದ ಮೇಲೆ. ಜಪಾನಿನ ಹಮಮುರ ಮತ್ತು ಅವರ ಸಹೋದ್ಯೋಗಿಗಳು ಕೂಡ ಹುಳುವನ್ನು ಎಲೆಯತ್ತ ಸೆಳೆಯುವ ಗಂಧದ್ರವ್ಯಗಳು ಯಾವುವು, ಕಚ್ಚಿಸುವುವು ಯಾವುವು, ನುಂಗಿಸುವುವು ಯಾವುವು ಎಂದು ವಿಂಗಡಿಸಿ 1962ರಲ್ಲಿ ಪ್ರಕಟಿಸಿದರು. ಕೃತಕಾಹಾರದ ಸಿದ್ಧತೆಗೆ ಬಹೂಪಯುಕ್ತವಾದ ಈ ಕೆಲಸವನ್ನು ಕಿರಿದುಮಾಡುವ ಉದ್ದೇಶ ನನಗಿಲ್ಲ. ಆದರೂ ಪ್ರಶ್ನೆಯ ಒಂದು ಮಗ್ಗುಲು ಮಾತ್ರ ಅಲ್ಲಿ ವಿಚಾರಕ್ಕೆ ಬಂದಿದ್ದಿತು. ರೇಷ್ಮೆಹುಳು ಏಕೆ ತಿನ್ನುತ್ತದೆಂದು ಕೇಳಿದವರು, ಉಳಿದ ಹುಳುಗಳು ತಿಂದು ಏಕೆ ಬದುಕವೆಂದು ಕೇಳಲಿಲ್ಲ.

ಆ ಪ್ರಶ್ನೆಯನ್ನೆತ್ತಿದವರು ಜಪಾನಿನ ಕೊಟಾರೊ ಕೊನ್ನೊ ಮತ್ತು ಸಂಗಡಿಗರು. ಸಾಮಾನ್ಯವಾಗಿ ಹರಳೆಲೆಯನ್ನು ತಿಂದು ಬೆಳೆಯುವ ಎರಿ ರೇಷ್ಮೆಹುಳುವಿಗೆ ಹಿಪ್ಪುನೇರಳೆಯನ್ನಿತ್ತಾಗ ಅದು ಬೆಳೆಯದೆ ಸತ್ತಿತು. ಹಾಲನ್ನು ತೊಳೆದು ತೆಗೆದ ಎಲೆಯನ್ನಿತ್ತಾಗ ಬೆಳೆಯಿತು. ಹಾಲನ್ನು ವಿಶ್ಲೇಷಿಸಲಾಗಿ, ಸಕ್ಕರೆಯ ಅಣುವನ್ನು ಆಕಾರದಲ್ಲಿ ಅನುಕರಿಸುವ ಆಲ್ಕಲಾಯ್ಡುಗಳು ಅದರಲ್ಲಿ ಶೇಕಡಾ 1.5ರಿಂದ 2.5ರಷ್ಟು ದೊರೆತುವು, ಇಡಿಯ ಎಲೆಯಲ್ಲಿ ಹಿಂದೆ ಕಂಡಿದ್ದ ಪ್ರಮಾಣಕ್ಕೆ ಇದು ಸುಮಾರು ನೂರುಪಟ್ಟು. ಇವುಗಳಲ್ಲಿ ಪ್ರಮುಖವಾದ ಡಿಯಾಕ್ಸಿನೋಜಿರಿಮೈಸಿನ್ 1976ರಲ್ಲಿಯೇ ಇದೇ ಗಿಡದ ಬೇರಿನಿಂದ ಬೇರ್ಪಟ್ಟಿದ್ದು, ಅದರಿಂದ ರೂಪುಗೊಂಡ ಮಿಗ್ಲಿಟಾಲ್ ಮನುಷ್ಯರ ಮಧುಮೇಹಕ್ಕೆ ಔಷಧವಾಗಿ ಬಳಕೆಗೆ ಬಂದಿದೆ. ಕಾರ್ಯವಿಧಾನ ಎರಡೆಡೆಯೂ ಒಂದೇ: ಸಕ್ಕರೆಯನ್ನು ಒಡೆಯಬೇಕಾದ ಕಿಣ್ವದೊಳಗೆ, ಬೀಗದಲ್ಲಿ ಸಿಕ್ಕಿಕೊಂಡ ಕಳ್ಳಕೀಲಿಯಂತೆ, ಈ ಅಣು ಕುಳಿತುಬಿಡುತ್ತದೆ, ಕಬ್ಬಿನ ಸಕ್ಕರೆಯಂಥ ಸುಕ್ರೋಸು ಒಡೆಯದೆ ಉಳಿದು, ಹೊಟ್ಟೆ ತುಂಬಿದ ಹುಳುವೂ ಉಪವಾಸ ಬೀಳುತ್ತದೆ.

ಹಾಗಾದರೆ ನಮ್ಮ ಹುಳು ಪಾರಾಗುವ ಬಗೆ ಯಾವುದು? 2007ರಲ್ಲಿ ಹಿರಯಾಮ ಮೊದಲಾದವರು, ಎರಿಹುಳುವಿನ ಕಿಣ್ವಗಳಿಗಿಂತ ರೇಷ್ಮೆಹುಳುವಿನ ಕಿಣ್ವಗಳು ಈ ಆಲ್ಕಲಾಯ್ಡುಗಳಿಗೆ ಬಹಳ ಕಡಮೆ ಮಣಿಯುತ್ತವೆಂದು ಕಂಡರು. ಮರುವರ್ಷ ದೈಮೊನ್ ಮತ್ತು ಸಹೋದ್ಯೋಗಿಗಳು ಹೊರಗೆಡಹಿದ ಸಂಗತಿ ಇನ್ನೂ ಆಶ್ಚರ್ಯಕರವಾದುದು. ಪ್ರಾಣಿಗಳಲ್ಲಿ ಇಲ್ಲವೆಂದೇ ಭಾವಿಸಿದ್ದ ಬೀಟಾ-ಫ್ರಕ್ಟೊಫ್ಯೂರನೊಸಿಡೇಸ್ ಎಂಬ ಕಿಣ್ವ ರೇಷ್ಮೆಹುಳುವಿನ ಕರುಳಿನಲ್ಲಿ ದೊರೆಯಿತು. ಅದು ಸುಕ್ರೋಸನ್ನು ಗ್ಲೂಕೋಸಿನ ಕಡೆಯಿಂದಲ್ಲದೆ ಫ್ರಕ್ಟೋಸಿನ ಕಡೆಯಿಂದ ಹಿಡಿದು ಒಡೆಯುವುದರಿಂದ ಗ್ಲೂಕೋಸಿನ ವೇಷವನ್ನು ಧರಿಸಿದ ವಿಷಕ್ಕೆ ಅಲ್ಲಿ ಪ್ರವೇಶವಿಲ್ಲ. ಆ ಕಿಣ್ವದ ವಂಶವಾಹಿಯ ರಚನೆ ಬ್ಯಾಕ್ಟೀರಿಯಗಳದ್ದಕ್ಕೆ ಹತ್ತಿರವಾಗಿದ್ದು, ಯಾವುದೋ ಪುರಾತನ ಕಾಲದಲ್ಲಿ ಅವುಗಳಿಂದ ನೇರವಾಗಿ ಪತಂಗಗಳ ವಂಶಕ್ಕೆ ಸೇರಿಕೊಂಡುದೆಂದು ತಿಳಿಯಲಾಗಿದೆ.

ಈ ಬಗೆಯ ವಂಶವಾಹಿ ಬೇರೆ ಪತಂಗಗಳಲ್ಲಿಯೂ ಇರುವುದರಿಂದ, ಅದು ಹಿಪ್ಪುನೇರಳೆಯ ವಿಷಕ್ಕೆ ಪ್ರತಿಯಾಗಿಯೇ ಹುಟ್ಟಿತೆಂದು ಹೇಳುವುದು ಸರಿಯಾಗದು. ಮೊದಲೇ ಕೈಸೇರಿದ್ದ ಸಾಧನವು ಸಂದರ್ಭ ಒದಗಿದಾಗ ಹೊಸ ಕೆಲಸಕ್ಕೆ ಬಂದಿತೆಂದು ಗ್ರಹಿಸುವುದೇ ನನಗೆ ಯುಕ್ತವಾಗಿ ತೋರುತ್ತದೆ. ಎರ್ಲಿಕ್ ಮತ್ತು ರೇವನ್ನರ ಸರದಿಯ ಏಟು-ಎದುರೇಟಿನ ಚಿತ್ರಕ್ಕೆ ಇಷ್ಟರ ಮಟ್ಟಿನ ತಿದ್ದುಪಡಿ ಅಗತ್ಯ.

ಜೀರ್ಣಶಕ್ತಿ ಒಂದು, ನಾಲಗೆ ಮತ್ತೊಂದು. ಚೀನೀ ಸಂಶೋಧಕರು 2019ರಲ್ಲಿ ಕಹಿಯನ್ನರಿಯುವ ಜಿಆರ್66 ಎಂಬ ಒಂದೇ ವಂಶವಾಹಿಯನ್ನು ಕೆಡಿಸಿದಾಗ ರೇಷ್ಮೆಹುಳುಗಳು ಸೇಬು, ಸೋಯಾ, ಮುಸುಕಿನ ಜೋಳಗಳನ್ನೂ ತಿಂದುವು. ಹುಳುವನ್ನು ಒಂದೇ ಗಿಡಕ್ಕೆ ಕಟ್ಟಿಹಾಕಿದುದು, ಹಾಗಾದರೆ, ಆ ಗಿಡದ ಮೇಲಿನ ಪ್ರೀತಿಗಿಂತ ಮಿಕ್ಕವುಗಳ ಮೇಲಿನ ಹೇವರಿಕೆ.

ನಮ್ಮ ತೋಟಗಳಲ್ಲಿ ಈ ಸೊಪ್ಪನ್ನು ಅವಲಂಬಿಸಿ ಬದುಕುವುದು ರೇಷ್ಮೆಹುಳು ಒಂದೇ ಅಲ್ಲ. ತುಕ್ರವೆಂಬ ಎಲೆಮುದುಡು ಬೇನೆಯನ್ನು ತರುವ ಹಿಟ್ಟುತಿಗಣೆ ಎಲೆಯನ್ನು ಅಗಿಯದೆ, ಸೂಜಿಯಂಥ ಬಾಯನ್ನಿಳಿಸಿ ರಸವನ್ನು ಹೀರುವುದರಿಂದ ಒಡೆದ ಎಲೆಯಿಂದ ಹರಿಯುವ ಹಾಲಿನ ಕಾಟದಿಂದ ಬಹುಮಟ್ಟಿಗೆ ದೂರವಿರುತ್ತದೆ. 1990ರ ದಶಕದ ನಡುವಿನಿಂದ ಕರ್ನಾಟಕದಲ್ಲಿ ಪೀಡೆಯಾಗಿ ಹಬ್ಬಿದ ಎಲೆಸುರುಳಿ ಹುಳುವಾದರೋ ಹಾಲಿರುವ ಕುಡಿಯನ್ನೇ ಮಡಿಸಿಕೊಂಡು ಒಳಗೆ ಕುಳಿತು ಅಗಿಯುತ್ತದೆ. ರೇಷ್ಮೆಹುಳುವಿನ ಕರುಳಿಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಅನುಕ್ರಮವಾಗಿ ಇದರ ಕರುಳಿಗೂ ಕೇಳುವ ಕಾರ್ಯವು, ತೋಟವನ್ನೂ ಪ್ರಯೋಗಶಾಲೆಯನ್ನೂ ಒಟ್ಟಿಗೆ ಹೊಂದಿರುವ ಮೈಸೂರು ಸೀಮೆಯ ಕೀಟಶಾಸ್ತ್ರಜ್ಞರಿಗೆ ತಕ್ಕುದಾಗಿದೆ.